ನನ್ನ ಕೋಪಕ್ಕೊಂದು ವಿಳಾಸ ಬೇಕಾಗಿದೆ

2025ರ ಏಪ್ರಿಲ್ 1, ಮಂಗಳವಾರ, ಬೆಳಿಗ್ಗೆ ಆರೂಕಾಲಿಗೆ ನನಗೆ ಕೋಪ ಬಂತು. ಗಳಿಗೆ ಸಮೇತ ನೆನಪಿರುವುದಕ್ಕೆ ಕಾರಣವಿದೆ. ಆ ಕೋಪ ಇನ್ನೂ ನನ್ನ ಹತ್ತಿರವೇ ಇದೆ. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಾಗದೆ, ಮಡಿಕೆ ಬಿಚ್ಚದ ಮದುವೆ ಪಂಚೆಯ ಹಾಗೆ ಬೀರುವಿನಲ್ಲಿಟ್ಟಿದ್ದೇನೆ.

ಹಾಲಿನ ಬೂತಿನ ಹುಡುಗ ಅವತ್ತು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿ ಕೇಳಿದ. "ಏನಪ್ಪಾ, ಏಪ್ರಿಲ್ ಫೂಲಾ?" ಎಂದೆ. "ಹಾಗಂದ್ಕೊಂಡೇ ಕೊಟ್ಬಿಡಿ ಅಂಕಲ್" ಎಂದ. ಎರಡು ದಿನದ ಹಿಂದಷ್ಟೇ ಯುಗಾದಿ. ಬೇವು ಬೆಲ್ಲದಲ್ಲಿ ಬೆಲ್ಲ ಕಡಿಮೆಯಾಗಿದೆ ಎಂದು ಮನೆಯಲ್ಲಿ ಆಡಿದ್ದ ಮಾತು ನೆನಪಾಯಿತು. ಹಾಲಿನ ಜೊತೆಗೇ ಆ ದಿನ ಇನ್ನೂ ನಾಲ್ಕು ನೆಂಟರು ಬಂದಿಳಿದಿದ್ದರು. ಡೀಸೆಲ್ಲಿನ ಮೇಲಿನ ರಾಜ್ಯದ ಮಾರಾಟ ತೆರಿಗೆ ಏರಿ ಲೀಟರಿಗೆ ಎರಡು ರೂಪಾಯಿ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ. ಹೆದ್ದಾರಿಯಲ್ಲಿ ಟೋಲು. ಬೆಂಗಳೂರಿನವರಾದರೆ ಕಸಕ್ಕೂ ಶುಲ್ಕ. ತಿನ್ನುವುದಕ್ಕೂ ದುಡ್ಡು, ತಿಂದು ಉಳಿದ ಸಿಪ್ಪೆ ಎಸೆಯುವುದಕ್ಕೂ ದುಡ್ಡು.

ಮೊದಲು ಹಾಲಿನ ಮೇಲೆಯೇ ಸಿಟ್ಟು ಮಾಡೋಣವೆಂದು ಕೂತೆ. ಸಾಧ್ಯವಾಗಲಿಲ್ಲ. ನಾಲ್ಕು ರೂಪಾಯಿಯೂ ಹಾಲು ಉತ್ಪಾದಕರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಿತ್ತು. ಹೋಗುವುದಾದರೆ ಹೋಗಲಿ. ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚುವವರ ಮೇಲೆ, ಆರು ಗಂಟೆಗೆ ಎದ್ದು ಕಾಫಿ ಕುಡಿಯುವವನು ಕೋಪ ಮಾಡಿಕೊಳ್ಳುವುದು ಹೇಗೆ? ಆದರೆ ಅದರ ಹಿಂದಿನ ವರ್ಷದ ಕತೆ ಬೇರೆ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ, ಜೊತೆಗೆ 50 ಮಿಲಿ ಹಾಲು ಸೇರಿಸಿ, "ಬೆಲೆ ಏರಿಸಿಲ್ಲ, ಹಾಲು ಹೆಚ್ಚಿಸಿದ್ದೇವೆ" ಎಂದರು. ನಾವು ಕೇಳದ ಹಾಲು ಅದು. ಊಟಕ್ಕೆ ಕೂತವನ ಎಲೆಗೆ ಬಲವಂತವಾಗಿ ಇನ್ನೊಂದು ಹೋಳಿಗೆ ಹಾಕಿ, ಆಮೇಲೆ ಬಿಲ್ಲಿನಲ್ಲಿ ಸೇರಿಸಿದ ಹಾಗೆ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ಬಂದ ದಾರಿಯಲ್ಲೇ ಮರಳಿ ಹೋಯಿತು. ಬೆಲೆ ಮಾತ್ರ ಉಳಿದುಕೊಂಡಿತು, ಅದಕ್ಕೆ ನಮ್ಮ ಮನೆ ಒಗ್ಗಿತ್ತು ಅನ್ನಿ.

ನನ್ನ ಮುಖ ನೋಡಿ ನಮ್ಮಾಕೆ ಕೇಳಿದಳು: "ರೀ, ಸಿಟ್ಟು ಸರಿ. ಯಾರ ಮೇಲೆ?"

ಇದೇ ಈ ದೇಶದ ಕಗ್ಗಂಟು. ಡೀಸೆಲ್ಲು ರಾಜ್ಯದ್ದು ಎಂದರೆ, ಅದರ ಮೇಲಿನ ಎಕ್ಸೈಸು ಕೇಂದ್ರದ್ದು. ಟೋಲು ಕೇಂದ್ರದ್ದು, ಆ ರಸ್ತೆಯಲ್ಲಿ ಓಡುವ ಕೆಂಪು ಬಸ್ಸು ರಾಜ್ಯದ್ದು. ಗ್ಯಾಸು ಅವರದ್ದು, ಕರೆಂಟು ಇವರದ್ದು. ಒಂದೇ ಬೇಳೆ ಬೆಂದರೂ ಒಲೆ ಯಾವುದು ಎಂಬುದರ ಮೇಲೆ ಯಾವ ಸರ್ಕಾರವನ್ನು ಬೈಯಬೇಕೆಂದು ತೀರ್ಮಾನವಾಗುತ್ತದೆ. ಕಾವೇರಿ ನೀರು ಹಂಚಲು ನ್ಯಾಯಮಂಡಳಿಯಾದರೂ ಇತ್ತು, ಒಂದು ಮನೆಯ ಕೋಪವನ್ನು ಎರಡು ಸರ್ಕಾರಕ್ಕೆ ಹಂಚಿಕೊಡುವವರು ಯಾರೂ ಇಲ್ಲ. ಹಂಚಿಕೆ ಮನೆಯೊಳಗೂ ಬಂದಿದೆ. 2023ರ ಜೂನ್‌ನಿಂದ ನಮ್ಮಾಕೆಗೆ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. 2025ರ ಜನವರಿಯಿಂದ ನನಗೆ ಶೇ 15ರಷ್ಟು ಹೆಚ್ಚಿನ ಟಿಕೆಟ್ಟು. ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತ ದಂಪತಿಯಲ್ಲಿ ಒಬ್ಬರು ಫಲಾನುಭವಿ, ಇನ್ನೊಬ್ಬರು ಸಂಪನ್ಮೂಲ ಕ್ರೋಡೀಕರಣ.

ನಮ್ಮ ಬಲಮನೆಯವರು ಕೇಂದ್ರದ ಪರ. ಎಡಮನೆಯವರು ರಾಜ್ಯದ ಪರ. ಗ್ಯಾಸಿನ ಬೆಲೆಗೆ ಗೊಣಗುತ್ತಾ ಕಾಂಪೌಂಡಿನ ಹತ್ತಿರ ನಿಂತರೆ ಎಡಮನೆಯವರು ಕರೆದು ಕಾಫಿ ಕೊಡುತ್ತಾರೆ. ಹಾಲಿನ ಬೆಲೆಗೆ ಗೊಣಗಿದರೆ ಬಲಮನೆಯವರ ಕಾಫಿ, ಸಕ್ಕರೆ ಒಂದು ಚಮಚ ಜಾಸ್ತಿಯೇ. ಒಂದು ಭಾನುವಾರ ಮರೆತು ಎರಡನ್ನೂ ಒಟ್ಟಿಗೆ ಬೈದೆ. ಅವತ್ತಿನಿಂದ ಎರಡು ಮನೆಯಲ್ಲೂ ಕಾಫಿ ಇಲ್ಲ. ಬೆಲೆಯೇರಿಕೆಯಿಂದ ನನಗಾದ ನೇರ ನಷ್ಟಗಳಲ್ಲಿ ಇದೇ ದೊಡ್ಡದು.

ಏಪ್ರಿಲ್ 7ರ ಸೋಮವಾರ ಮೈಸೂರಿನಿಂದ ಬಿಜೆಪಿಯ ಜನಾಕ್ರೋಶ ಯಾತ್ರೆ ಹೊರಟಿತು. ರಾಜ್ಯ ಸರ್ಕಾರದ ಬೆಲೆಯೇರಿಕೆಯ ವಿರುದ್ಧ. ಹೆಸರು ಕೇಳಿ ಹಿಗ್ಗಿದೆ. ಜನ ಅಂದರೆ ನಾನು, ಆಕ್ರೋಶ ಅಂದರೆ ಬೀರುವಿನಲ್ಲಿರುವುದು, ಸದ್ಯ ಅದಕ್ಕೊಂದು ವಾಹನ ಸಿಕ್ಕಿತಲ್ಲ! ಅದೇ ದಿನ ದೆಹಲಿಯಲ್ಲಿ ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ ಅವರು ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿದ್ದೇವೆ ಎಂದು ಪ್ರಕಟಿಸಿದರು. ಉಜ್ವಲಾದ ಬಡವರಿಗೂ 50, ಉಳಿದವರಿಗೂ 50. ಇಂಥ ಸಮಾನತೆ ಬೇರೆಲ್ಲೂ ಕಾಣಸಿಗದು. ಪೆಟ್ರೋಲು, ಡೀಸೆಲ್ಲಿನ ಎಕ್ಸೈಸೂ ಎರಡೆರಡು ರೂಪಾಯಿ ಏರಿತು, ಅದನ್ನು ಪಂಪಿನಲ್ಲಿ ವಸೂಲು ಮಾಡುವುದಿಲ್ಲ ಎಂದರು. ಯಾತ್ರೆಯಂತೂ ಆಗಲೇ ಹೊರಟುಬಿಟ್ಟಿತ್ತು. ಹೊರಟ ಮದುವೆ ದಿಬ್ಬಣವನ್ನು ಯಾರೋ ಸೀನಿದರೆಂದು ನಿಲ್ಲಿಸಲಾಗುತ್ತದೆಯೇ? ಹತ್ತು ದಿನ ಕಳೆಯಿತು. ಏಪ್ರಿಲ್ 17ಕ್ಕೆ ಕಾಂಗ್ರೆಸ್ಸಿನ ಸರದಿ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೇಂದ್ರದ ಬೆಲೆಯೇರಿಕೆಯ ವಿರುದ್ಧ ಪ್ರತಿಭಟನೆ. ಡೀಸೆಲ್ಲಿಗೆ ತೆರಿಗೆ ಹಾಕಿ ಇನ್ನೂ ಮೂರು ವಾರವಾಗದ ಸರ್ಕಾರವೇ ವೇದಿಕೆಯ ಮೇಲೆ. ಅದೇ ಪಾರ್ಕಿನಲ್ಲಿ ಏಪ್ರಿಲ್ 2ರಂದು ಬಿಜೆಪಿಯವರು ಅಹೋರಾತ್ರಿ ಧರಣಿ ಕೂತಿದ್ದರು. ಶಾಮಿಯಾನದವನು ಮಾತ್ರ ಇಬ್ಬರಿಗೂ ಒಬ್ಬನೇ ಎಂಬುದು ನನ್ನ ಗುಮಾನಿ. ಬೆಲೆಯೇರಿಕೆಯಿಂದ ಸಂಪಾದನೆ ಆದದ್ದು ಅವನೊಬ್ಬನಿಗೇ ಇರಬೇಕು.

ಆ ಫ್ರೀಡಂ ಪಾರ್ಕ್ ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜೈಲು. ಈಗ ಬೆಂಗಳೂರಿನ ಯಾವ ಮೂಲೆಯಲ್ಲಿ ಯಾರಿಗೆ ಕೋಪ ಬಂದರೂ ಪೊಲೀಸರ ನಿಯಮದಂತೆ ಅದನ್ನು ಅಲ್ಲಿಗೇ ಹೊತ್ತು ತರಬೇಕು. ಹಿಂದಿನ ಸರ್ಕಾರಗಳು ಕೋಪಿಷ್ಠರನ್ನು ಹಿಡಿದು ತಂದು ಜೈಲಿಗೆ ಹಾಕುತ್ತಿದ್ದವು. ಈಗ ಕೋಪಿಷ್ಠರೇ ಅರ್ಜಿ ಹಾಕಿ, ಅನುಮತಿ ಪಡೆದು, ಅದೇ ಗೋಡೆಗಳ ನಡುವೆ ಬಂದು ಕೂತು, ಸಂಜೆ ತಾವಾಗಿಯೇ ಬಿಡುಗಡೆಯಾಗಿ ಮನೆಗೆ ಹೋಗುತ್ತಾರೆ. ಆಡಳಿತ ಸುಧಾರಣೆ ಎಂದರೆ ಇದು.

ಇಬ್ಬರ ಹತ್ತಿರವೂ ಒಂದೊಂದು ಸಮಾಧಾನದ ಮಾತು ಇದೆ. ರಾಜ್ಯದವರನ್ನು ಕೇಳಿದರೆ, ಮಹಾರಾಷ್ಟ್ರಕ್ಕೆ ಹೋಲಿಸಿ ನೋಡಿ, ಪಕ್ಕದ ರಾಜ್ಯಗಳಲ್ಲಿ ಹಾಲಿನ ಬೆಲೆ ನೋಡಿ ಎನ್ನುತ್ತಾರೆ. ಕೇಂದ್ರದ ಅಭಿಮಾನಿಗಳನ್ನು ಕೇಳಿದರೆ ಪಾಕಿಸ್ತಾನದ ಗೋಧಿಹಿಟ್ಟಿನ ಬೆಲೆಯನ್ನು ವಾಟ್ಸ್ಆ್ಯಪ್ಪಿನಲ್ಲಿ ಕಳಿಸುತ್ತಾರೆ. ನಾನು ದಿನಸಿ ತರುವುದು ಲಾಹೋರಿನಿಂದಲ್ಲ, ಬೀದಿ ಕೊನೆಯ ಅಂಗಡಿಯಿಂದ. ಅಂಗಡಿಯ ಶೆಟ್ಟರಿಗೆ ಹೇಳಿ ನೋಡಿದೆ: "ಪಾಕಿಸ್ತಾನದಲ್ಲಿ ಇದಕ್ಕಿಂತ ಜಾಸ್ತಿಯಂತೆ ಶೆಟ್ರೇ." ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ, "ಹಳೇ ಬಾಕಿ ಎಂಟುನೂರು ಇದೆ ಸ್ವಾಮಿ, ಅದನ್ನ ಯಾವ ದೇಶದಲ್ಲಿ ಕೊಡ್ತೀರಿ?" ಎಂದರು.

ಹೋಗಲಿ, ಬೆಲೆ ನಿಜವಾಗಿಯೂ ಏರಿದೆಯೇ ಎಂಬುದನ್ನಾದರೂ ಬಲ್ಲವರಿಂದ ತಿಳಿಯೋಣವೆಂದು ಹೊರಟೆ. ಅಲ್ಲಿ ಸಿಕ್ಕಿದ ಸಂಗತಿಗಳು ಹಾಸ್ಯ ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವಂಥವು. ಬೆಲೆಯೇರಿಕೆಯನ್ನು ಶೇ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಶೇ 6ರೊಳಗೆ ಇಡುವುದು ರಿಸರ್ವ್ ಬ್ಯಾಂಕಿನ ಹೊಣೆ. ಸತತ ಮೂರು ತ್ರೈಮಾಸಿಕ ತಪ್ಪಿದರೆ ಯಾಕೆ ತಪ್ಪಿತು, ಏನು ಮಾಡುತ್ತೇವೆ, ಯಾವಾಗ ಸರಿಹೋಗುತ್ತದೆ ಎಂದು ಸರ್ಕಾರಕ್ಕೆ ಬರೆದು ಕೊಡಬೇಕೆಂದು ಕಾನೂನಿದೆ. 2022ರಲ್ಲಿ ತಪ್ಪಿತು. ಪತ್ರವನ್ನೂ ಬರೆದರು. ಆದರೆ ಆ ಪತ್ರ ಗುಟ್ಟು. ಸಂಸತ್ತಿನಲ್ಲಿ ಕೇಳಿದಾಗ ಅದನ್ನು ಬಹಿರಂಗಪಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ನಮ್ಮ ಕಾಲದಲ್ಲಿ ಪ್ರೇಮಪತ್ರಗಳೇ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಬರುತ್ತಿದ್ದವು. ಬೇಳೆಯ ಬೆಲೆ ಯಾಕೆ ಏರಿತು ಎಂಬ ಪತ್ರವನ್ನು ಬೇಳೆ ಕೊಂಡವನು ಓದುವಂತಿಲ್ಲ.

2024ರ ಜುಲೈಯಲ್ಲಿ ಬಂದ ಆರ್ಥಿಕ ಸಮೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಡ್ಡಿ ದರ ತೀರ್ಮಾನಿಸುವಾಗ ಆಹಾರವನ್ನು ಬಿಟ್ಟು ಉಳಿದ ಬೆಲೆಯೇರಿಕೆಯನ್ನು ಮಾತ್ರ ನೋಡಬಹುದೇ ಎಂದು ಯೋಚಿಸಬೇಕೆಂಬುದು ಅದರ ಸಲಹೆ. ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ಟೊಮೆಟೊ ಜಾಸ್ತಿ ಬೆಳೆಯುವುದಿಲ್ಲ ಎಂಬ ವಾದ ಅದರ ಹಿಂದಿದೆ, ಅದು ತಪ್ಪೇನಲ್ಲ. ಆದರೆ ಹಳೆಯ ಲೆಕ್ಕದ ಬುಟ್ಟಿಯಲ್ಲಿ ನೂರಕ್ಕೆ ನಲವತ್ತೈದಕ್ಕೂ ಹೆಚ್ಚು ಭಾಗ ಊಟ ತಿಂಡಿ, ಪಾನೀಯದ್ದೇ ಇತ್ತು. ಅದನ್ನು ತೆಗೆದರೆ ಬೆಲೆ ಹತೋಟಿಗೆ ಬರುವುದರಲ್ಲಿ ಅನುಮಾನವಿಲ್ಲ. ನಮ್ಮಜ್ಜಿ ತಿಂಗಳಿಗೆ ಎರಡು ಏಕಾದಶಿ ಮಾಡುತ್ತಿದ್ದಳು. ಸಮೀಕ್ಷೆ ಮೂವತ್ತನ್ನು ಸೂಚಿಸಿದೆ.

ತಮಾಷೆ ಮುಗಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು, ಆ ಸರಣಿಯಲ್ಲೇ ಅತ್ಯಂತ ಕಡಿಮೆ. ಇಳಿಸಿದ್ದು ಯಾವುದು? ಆಹಾರವೇ. ತರಕಾರಿ, ಬೇಳೆಕಾಳಿನ ಬೆಲೆ ಹಿಂದಿನ ವರ್ಷಕ್ಕಿಂತ ಬಿದ್ದಿತ್ತು. ಆಗ ಮಾತ್ರ ಊಟವನ್ನು ಎಲೆಯ ಮೇಲೆ ಸೇರಿಸಿಕೊಂಡೇ ಲೆಕ್ಕ ಹೇಳಿದರು. ಪೇಪರಿನ ಆ ಪುಟವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮಗಳ ಶಾಲೆಯ ಫೀಜು ಕಟ್ಟಲು ಹೋದೆ. ಕೌಂಟರಿನವರು ಪೇಪರ್ ತೆಗೆದುಕೊಳ್ಳುವುದಿಲ್ಲವಂತೆ. ಏರಿಕೆ ನಿಂತಿದೆ ಎಂದರೆ ಬೆಲೆ ಇಳಿದಿದೆ ಎಂದಲ್ಲ ಎಂಬುದು ಆಗ ಹೊಳೆಯಿತು. ಲಿಫ್ಟು ಹದಿನೆಂಟನೇ ಮಹಡಿಯಲ್ಲಿ ನಿಂತಿದೆ, ನಿಜ. ನಾನು ಇಳಿಯಬೇಕಾಗಿದ್ದದ್ದು ಎರಡನೆಯದರಲ್ಲಿ.

ಆ ಶೇ 0.25ನ್ನು ನಮಗೆ ಉಡುಗೊರೆ ಕೊಟ್ಟವರ ಪಾಡನ್ನೂ ನೋಡಬೇಕು. ಅದೇ ಹೊತ್ತಿನಲ್ಲಿ ಹಾವೇರಿ, ಗದಗ ಕಡೆಯ ರೈತರು ಮೆಕ್ಕೆಜೋಳ ರಾಶಿ ಹಾಕಿಕೊಂಡು ಬೀದಿಯಲ್ಲಿದ್ದರು. ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಕಾಗದದಲ್ಲಿತ್ತು, ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಬಹಳ ಕೆಳಗೆ. ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಕೇಂದ್ರದಿಂದ ಉತ್ತರ ಬಂತು. ಉತ್ತರಕ್ಕೆ ಪ್ರತ್ಯುತ್ತರ ಹೋಯಿತು. ಜೋಳ ಅಲ್ಲೇ ಇತ್ತು. ಬೆಲೆ ಏರಿದರೆ ಕೊಳ್ಳುವವನು, ಬಿದ್ದರೆ ಬೆಳೆಯುವವನು, ಇಬ್ಬರೂ ವಿಳಾಸ ಹುಡುಕುತ್ತಾ ಅದೇ ಎರಡು ಬಾಗಿಲ ನಡುವೆ ಅಲೆಯುತ್ತಾರೆ. ಒಂದು ಕಾಲಕ್ಕೆ ಈರುಳ್ಳಿಗೆ ಸರ್ಕಾರ ಉರುಳಿಸುವ ತಾಕತ್ತಿತ್ತು. 1998ರಲ್ಲಿ ದೆಹಲಿಯಲ್ಲಿ ಉರುಳಿಸಿತ್ತು. ಅದರಿಂದ ಸರ್ಕಾರಗಳು ಪಾಠ ಕಲಿತವು. ಈರುಳ್ಳಿ ತುಸು ಏರಿದರೆ ರಫ್ತಿಗೆ ಸುಂಕ, ಇನ್ನೂ ಏರಿದರೆ ರಫ್ತಿಗೇ ಬೀಗ. ಬೆಲೆ ಇಳಿದಾಗ ಬೀಗದ ಕೈ ಹುಡುಕುವಷ್ಟರಲ್ಲಿ ಹೊಲದಲ್ಲಿ ಗಡ್ಡೆ ಕೊಳೆತಿರುತ್ತದೆ.

ಈರುಳ್ಳಿ ಎಂದಾಗ ನಮ್ಮ ಹಣಕಾಸು ಸಚಿವೆಯನ್ನು ನೆನೆಯದಿದ್ದರೆ ಅಪಚಾರ. ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಗೆ ಆರಿಸಿ ಹೋಗಿರುವುದು ಕರ್ನಾಟಕದಿಂದ, ಅಂದರೆ ನಮ್ಮ ಮನೆಯವರೇ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿದ ತಿಂಗಳು, ಲೋಕಸಭೆಯಲ್ಲಿ ಅವರು ತಾನು ಈರುಳ್ಳಿ ಬೆಳ್ಳುಳ್ಳಿ ಅಷ್ಟಾಗಿ ತಿನ್ನುವುದಿಲ್ಲ, ಅದನ್ನು ಬಳಸದ ಮನೆಯಿಂದ ಬಂದವಳು ಎಂದಿದ್ದರು. ಮಧ್ಯೆ ಬಾಯಿ ಹಾಕಿದ ಸದಸ್ಯರೊಬ್ಬರಿಗೆ ಕೊಟ್ಟ ಉತ್ತರವದು, ನೀತಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಆ ಮಾರ್ಗ ನನಗೆ ಹಿಡಿಸಿತು. 2022ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅವರು, ರೂಪಾಯಿ ಕುಸಿಯುತ್ತಿಲ್ಲ, ಡಾಲರ್ ಬಲಗೊಳ್ಳುತ್ತಿದೆ ಎಂದರು. ಅದನ್ನು ಈಗ ನಮ್ಮ ಮನೆಯಲ್ಲೂ ಬಳಸುತ್ತಿದ್ದೇವೆ. ನನ್ನ ಸಂಬಳ ಕುಸಿದಿಲ್ಲ, ಬೀನ್ಸು ಬಲಗೊಂಡಿದೆ.

ಅವರ ಇಲಾಖೆಯ ತೆರಿಗೆಯಂತೂ ತರ್ಕಶಾಸ್ತ್ರದ ತರಗತಿ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಒಂದು ಪ್ರಶ್ನೆ ಬಂತು: ಪರೋಟ ಎಂಬುದು ರೊಟ್ಟಿಯೇ? ರೊಟ್ಟಿಯಾದರೆ ಶೇ 5. ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾದ್ದರಿಂದ ಅದು ರೊಟ್ಟಿಯಲ್ಲ, ಶೇ 18 ಎಂದು ತೀರ್ಪಾಯಿತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಕೂತ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನನ್ನು ಮೂರು ಜಾತಿ ಮಾಡಿತು. ಬಿಡಿಯಾಗಿ ಉಪ್ಪು ಹಾಕಿದ್ದಕ್ಕೆ ಶೇ 5, ಪೊಟ್ಟಣ ಕಟ್ಟಿದ್ದಕ್ಕೆ ಶೇ 12, ಸಕ್ಕರೆ ಪಾಕ ಬಿದ್ದರೆ ಶೇ 18. ಕಡೆಗೆ 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಪರೋಟ ನಿರ್ದೋಷಿ ಎಂದು ಬಿಡುಗಡೆಯಾಯಿತು, ತೆರಿಗೆ ಸೊನ್ನೆ. ಇನ್ನೂ ಹಲವು ವಸ್ತುಗಳ ದರ ಇಳಿಯಿತು. ಅದಕ್ಕೆ ಉಳಿತಾಯದ ಉತ್ಸವ ಎಂದು ಹೆಸರಿಟ್ಟರು. ಎಂಟು ವರ್ಷ ನಮ್ಮ ಎಣ್ಣೆಯನ್ನು ಒಯ್ದು, ಒಂದು ದಿನ ಅದರಲ್ಲೇ ಒಂದು ಬಟ್ಟಲು ತಂದು ನಮ್ಮ ತಲೆಗೆ ಹಚ್ಚಿ, ಅಭ್ಯಂಜನ ಮಾಡಿಸಿದ್ದೇವೆ ಬಾಗಿನ ಕೊಡಿ ಎಂದಂತಾಯಿತು. ಕೊಟ್ಟೆವು. ಹಬ್ಬದ ದಿನ ಇಲ್ಲವೆನ್ನಲಾದೀತೇ?

ಪೆಟ್ರೋಲಿನ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಮುಗಿಸುತ್ತೇನೆ. ಬೆಲೆ ಮಾರುಕಟ್ಟೆಗೆ ಬಿಟ್ಟಿದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬುದು ಅಧಿಕೃತ ನಿಲುವು. ಆದರೆ ಮಾರುಕಟ್ಟೆಗೆ ಚುನಾವಣಾ ಆಯೋಗದ ವೇಳಾಪಟ್ಟಿ ಬಾಯಿಪಾಠ. 2018ರಲ್ಲಿ ಕರ್ನಾಟಕದ ಮತದಾನಕ್ಕೆ ಮುಂಚೆ, ದಿನವೂ ಬದಲಾಗಬೇಕಿದ್ದ ದರ 19 ದಿನ ಅಲುಗಲಿಲ್ಲ. ಮೇ 12ಕ್ಕೆ ಮತ ಹಾಕಿದೆವು, 14ಕ್ಕೆ ಏರಿತು. 2021ರ ನವೆಂಬರಿನಿಂದ ಉತ್ತರ ಪ್ರದೇಶ ಮುಂತಾದ ಚುನಾವಣೆಗಳು ಮುಗಿದು ಕೆಲ ದಿನಗಳ ತನಕ 137 ದಿನ ನಿಶ್ಚಲ ಧ್ಯಾನ, ಆಮೇಲೆ ಹದಿನಾರು ದಿನದಲ್ಲಿ ಹದಿನಾಲ್ಕು ಏರಿಕೆ, ಒಟ್ಟು ಹತ್ತು ರೂಪಾಯಿ. 2024ರ ಲೋಕಸಭಾ ಚುನಾವಣೆಗೆ ಮುಂಚೆ ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿದು ಬಂತು. ಫಲಿತಾಂಶ ಬಂದ ಹನ್ನೊಂದನೇ ದಿನ ನಮ್ಮ ರಾಜ್ಯ ಸರ್ಕಾರ ಮೂರು ರೂಪಾಯಿ ಏರಿಸಿ, ತಾನೂ ಅದೇ ಶಾಲೆಯ ವಿದ್ಯಾರ್ಥಿ ಎಂದು ತೋರಿಸಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿತ್ತಲ್ಲ, ಆಗ ಮೇ ತಿಂಗಳಲ್ಲಿ ಕೇಂದ್ರ ಎಕ್ಸೈಸನ್ನು ಪೆಟ್ರೋಲಿಗೆ ಹತ್ತು, ಡೀಸೆಲ್ಲಿಗೆ ಹದಿಮೂರು ರೂಪಾಯಿ ಏರಿಸಿತು. ಏರುವಾಗ ಅದು ಮಾರುಕಟ್ಟೆ, ಇಳಿಯುವಾಗ ಅದು ಖಜಾನೆ. ಈ ಎಕ್ಸೈಸಿನ ಬಹುಪಾಲು ಸೆಸ್ಸು ಮತ್ತು ವಿಶೇಷ ಸುಂಕದ ಹೆಸರಿನಲ್ಲಿ ಇರುವುದರಿಂದ ರಾಜ್ಯಗಳಿಗೆ ಪಾಲಿಲ್ಲ. ಪಾಲಿಲ್ಲವೆಂದು ರಾಜ್ಯ ತನ್ನದನ್ನು ಬೇರೆ ಹಾಕುತ್ತದೆ. ದಾಯಾದಿ ಜಗಳದಲ್ಲಿ ಹಸು ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಹಾಲು ಕೊಡಬೇಕಾಗಿದೆ.

ಆದ್ದರಿಂದ ಒಂದು ದೇಶ ಒಂದು ಚುನಾವಣೆ ಮಸೂದೆಗೆ ನನ್ನ ಪ್ರಬಲ ವಿರೋಧವಿದೆ. ಒಕ್ಕೂಟ ವ್ಯವಸ್ಥೆ, ಸಂವಿಧಾನದ ಮೂಲ ರಚನೆ ಎಂಬ ದೊಡ್ಡ ಮಾತು ದೊಡ್ಡವರಿಗಿರಲಿ. ಬೆಲೆ ಉಸಿರು ಬಿಗಿಹಿಡಿದು ನಿಲ್ಲುವುದು ಚುನಾವಣೆಯ ಹೊತ್ತಿನಲ್ಲಿ ಮಾತ್ರ. ಅದನ್ನೂ ಐದು ವರ್ಷಕ್ಕೊಂದೇ ಸಲ ಮಾಡಿಬಿಟ್ಟರೆ ನಮ್ಮ ಗತಿಯೇನು? ಒಂದು ದೇಶ, ತಿಂಗಳಿಗೊಂದು ಚುನಾವಣೆ, ಅದೂ ಮೂವತ್ತು ಹಂತಗಳಲ್ಲಿ. ನನ್ನ ಬೇಡಿಕೆ ಇಷ್ಟೇ.

ಇಷ್ಟೆಲ್ಲ ಹೇಳಿ ಆಳುವವರ ಕಷ್ಟವನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಲೆಯೇರಿಕೆ ಜನಪ್ರತಿನಿಧಿಗಳನ್ನೂ ಬಿಟ್ಟಿಲ್ಲ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಸಭಾಧ್ಯಕ್ಷರ ಪೀಠದತ್ತ ಕಾಗದ ತೂರಿದರು, ಬಿಜೆಪಿಯ 18 ಶಾಸಕರನ್ನು ಅಮಾನತು ಮಾಡಿ ಮಾರ್ಷಲ್‌ಗಳು ಹೊತ್ತು ಹೊರಗೆ ಹಾಕಿದರು. ಅದೇ ಗದ್ದಲದ ದಿನ, ಶಾಸಕರ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯ ವೇತನವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಕಾಫಿ ಕೊಡುತ್ತಿದ್ದ ನನ್ನ ಎರಡು ನೆರೆಮನೆಯವರೂ ಅದರ ಬಗ್ಗೆ ಒಂದೇ ಮೌನದಲ್ಲಿದ್ದಾರೆ.

ಮೂರು ದಿನ ಬಿಟ್ಟು ಸಂಸದರ ಸರದಿ. ಸಂಬಳ ತಿಂಗಳಿಗೆ ಒಂದು ಲಕ್ಷದಿಂದ 1.24 ಲಕ್ಷ, ದಿನಭತ್ಯೆ 2,000ದಿಂದ 2,500, ಪಿಂಚಣಿ 25 ಸಾವಿರದಿಂದ 31 ಸಾವಿರ, ಜಾರಿ ಹಿಂದಿನಿಂದ, 2023ರ ಏಪ್ರಿಲ್ 1ರಿಂದ. ಇದಕ್ಕೆ ಅವರು ಫ್ರೀಡಂ ಪಾರ್ಕಿಗೆ ಬರಬೇಕಾಗಲಿಲ್ಲ. 2018ರಲ್ಲಿ ಮಾಡಿಕೊಂಡ ಕಾನೂನಿನಂತೆ ಐದು ವರ್ಷಕ್ಕೊಮ್ಮೆ ಸಂಬಳ ತಾನಾಗಿಯೇ ಏರುತ್ತದೆ. ಎಷ್ಟು ಏರಬೇಕೆಂದು ಹೇಳುವುದು ಆದಾಯ ತೆರಿಗೆ ಕಾಯ್ದೆಯ ಬೆಲೆಯೇರಿಕೆ ಸೂಚ್ಯಂಕ. ಅಂದರೆ ಬೆಲೆ ಏರಿದೆ ಎಂಬುದನ್ನು ಈ ದೇಶದಲ್ಲಿ ಒಪ್ಪಿಕೊಂಡಿರುವ ಕಾಗದ ಒಂದಾದರೂ ಇದೆ. ಅದು ಅವರ ಸಂಬಳದ ಚೀಟಿ.

ಮುಂದಿನ ಏರಿಕೆ 2028ರ ಏಪ್ರಿಲ್ 1ಕ್ಕೆ, ಅವತ್ತು ಶನಿವಾರ. ಹಾಲು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.